ಚಾಲೂ ಆಗದ ಬೋರ್ಡು: ಒಂದು ಪರೀಕ್ಷಾ ವಿದ್ಯೆಯ ಇತಿಹಾಸ

ಗುಂಡಿ ಒತ್ತಿದರೂ ಚಾಲೂ ಆಗದ ಕಂಪ್ಯೂಟರಿನಲ್ಲಿ ದೋಷ ಎಲ್ಲಿದೆಯೆಂದು ಹುಡುಕುವ ವಿದ್ಯೆಗೆ ಸುಮಾರು ಎಂಬತ್ತು ವರ್ಷಗಳ ಇತಿಹಾಸವಿದೆ. ಅದನ್ನು ಮೀಟರು, ಸೂಕ್ಷ್ಮದರ್ಶಕಗಳ ಸುಧಾರಣೆಯ ಕಥೆಯಾಗಿ ಹೇಳುವುದು ರೂಢಿಯಾದರೂ, ಗುಂಡಿಯ ಕೆಲಸವೇ ಬದಲಾದ ಕಥೆಯಾಗಿ ಓದಿದರೆ ಹೆಚ್ಚು ಅರ್ಥವಾಗುತ್ತದೆ. ಮೊದಲಿನ ಯಂತ್ರಗಳಲ್ಲಿ ಸ್ವಿಚ್ಚೆಂದರೆ ಗೋಡೆಯಿಂದ ಬರುವ ವಿದ್ಯುತ್ತಿನ ತಂತಿಯನ್ನು ಕೂಡಿಸುವ ಅಥವಾ ಕಡಿಯುವ ಲೋಹದ ಕೊಂಡಿಯಾಗಿತ್ತು. ಇಂದಿನ ಯಂತ್ರಗಳಲ್ಲಿ ಅದು ಸದಾ ಎಚ್ಚರವಾಗಿರುವ ಒಂದು ಚಿಕ್ಕ ಮಂಡಲಕ್ಕೆ ಸಲ್ಲಿಸುವ ಕೋರಿಕೆ ಮಾತ್ರ, ಆ ಕೋರಿಕೆಯನ್ನು ನಡೆಸಿಕೊಡುವುದೋ ಬಿಡುವುದೋ ಎಂಬುದನ್ನು ಆ ಮಂಡಲವೇ ತೀರ್ಮಾನಿಸುತ್ತದೆ. ಪ್ರೊಸೆಸರ್, ಮೆಮೊರಿ ಮತ್ತು ಅವುಗಳಿಗೆ ವಿದ್ಯುತ್ ಹಂಚುವ ಭಾಗಗಳನ್ನು ಹೊತ್ತ ಮುಖ್ಯ ಫಲಕವನ್ನು ಸಾಮಾನ್ಯವಾಗಿ ಮದರ್‌ಬೋರ್ಡ್ ಎಂದೂ ಆಪಲ್ ಕಂಪನಿಯ ಬಳಕೆಯಲ್ಲಿ ಲಾಜಿಕ್ ಬೋರ್ಡ್ ಎಂದೂ ಕರೆಯುತ್ತಾರೆ. ಗುಂಡಿಯ ಕೆಲಸದ ಈ ಬದಲಾವಣೆಯನ್ನು ಬಿಡಿಬಿಡಿಯಾಗಿ ನೋಡುವುದಕ್ಕೆ ಆಪಲ್‌ನ ಬೋರ್ಡುಗಳಷ್ಟು ಅನುಕೂಲವಾದ ಉದಾಹರಣೆ ಬೇರೆ ಸಿಗುವುದು ಕಷ್ಟ.

1946ರಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕರ ಮುಂದೆ ಬಂದ ಎನಿಯಾಕ್ ಯಂತ್ರದಲ್ಲಿ 17 ಸಾವಿರಕ್ಕೂ ಹೆಚ್ಚು ನಿರ್ವಾತ ಕೊಳವೆಗಳಿದ್ದು, ಅವುಗಳಲ್ಲಿ ಬಹುಪಾಲು ಸುಟ್ಟುಹೋಗುತ್ತಿದ್ದುದು ಯಂತ್ರ ಕಾಯುವಾಗ ಇಲ್ಲವೇ ಆರುವಾಗಲೇ ಆದ್ದರಿಂದ, ಅದನ್ನು ಆದಷ್ಟು ಆರಿಸದೆ ಇಡುವುದೇ ಒಳ್ಳೆಯದೆಂದು ಅದರ ಎಂಜಿನಿಯರುಗಳು ಕಂಡುಕೊಂಡರು. ಚಾಲೂ ಮಾಡುವ ಗಳಿಗೆಯೇ ಯಂತ್ರಕ್ಕೆ ಅತ್ಯಂತ ಅಪಾಯದ ಗಳಿಗೆ ಎಂಬ ಅರಿವು ಹೀಗೆ ಈ ಕ್ಷೇತ್ರದ ಹುಟ್ಟಿನಿಂದಲೇ ಇದೆ. ಟ್ರಾನ್ಸಿಸ್ಟರು ಬಂದ ಮೇಲೆ ದೊಡ್ಡ ಯಂತ್ರಗಳನ್ನು ಕಳಚಿ ಸಿಕ್ಕಿಸಬಹುದಾದ ಸಣ್ಣ ಕಾರ್ಡುಗಳಾಗಿ ಕಟ್ಟತೊಡಗಿದ್ದರಿಂದ, ಕೆಟ್ಟ ಕಾರ್ಡನ್ನು ತೆಗೆದು ಒಳ್ಳೆಯದನ್ನು ಹಾಕುವ ಕೆಲಸ ಸ್ಥಳದಲ್ಲೂ, ಕಾರ್ಡಿನೊಳಗಿನ ದೋಷ ಹುಡುಕುವ ಕೆಲಸ ದೂರದ ಕಾರ್ಯಾಗಾರದಲ್ಲೂ ನಡೆಯುವ ಪದ್ಧತಿ ಬೇರೂರಿತು. ದುರಸ್ತಿಯ ಕಸುಬು ಈ ರೀತಿ ಎರಡಾಗಿ ಸೀಳಿಹೋದುದರ ಪರಿಣಾಮ ಇಂದಿಗೂ ಉಳಿದಿದೆ.

1970ರ ದಶಕದಲ್ಲಿ ಮೈಕ್ರೊಪ್ರೊಸೆಸರುಗಳು ಬಂದಾಗ ಇಡೀ ಕಂಪ್ಯೂಟರು ಒಂದೇ ಫಲಕಕ್ಕೆ ಇಳಿಯಿತು, ಅದರ ಜೊತೆಗೆ ಕಾರ್ಯಾಗಾರದ ಉಪಕರಣಗಳೂ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕವಾದವು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಆ ದಶಕದಲ್ಲಿ ತಂದ 547ಎ ಎಂಬ ಕರೆಂಟ್ ಟ್ರೇಸರ್ ಲೇಖನಿಯಂತೆ ಕೈಯಲ್ಲಿ ಹಿಡಿಯುವಂಥದು. ಬೋರ್ಡಿನ ತಾಮ್ರದ ಗೆರೆಯಲ್ಲಿ, ಅಂದರೆ ಮೆಕ್ಯಾನಿಕ್ಕುಗಳು ಟ್ರ್ಯಾಕ್ ಎನ್ನುವ ಹಾದಿಯಲ್ಲಿ, ಹರಿಯುವ ವಿದ್ಯುತ್ತಿನ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು ಅದರ ತುದಿ ಗ್ರಹಿಸಿ ದೀಪ ಬೆಳಗಿಸುತ್ತಿದ್ದುದರಿಂದ, ಗೆರೆಯನ್ನು ಎಲ್ಲೂ ಕತ್ತರಿಸದೆ ವಿದ್ಯುತ್ತು ಯಾವ ಚಿಪ್ಪಿನೊಳಗೆ ಸೋರಿಹೋಗುತ್ತಿದೆಯೆಂದು ಹಿಂಬಾಲಿಸಬಹುದಾಗಿತ್ತು. ಅದೇ ಕಾಲದಲ್ಲಿ, 1977ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ 2 ಯಂತ್ರದ ಚಿಪ್ಪುಗಳು ಸಾಕೆಟ್ಟುಗಳಲ್ಲಿ ಕೂತಿದ್ದವು, ಅದರ ಕೈಪಿಡಿಯಲ್ಲಿ ಬೋರ್ಡಿನ ಸ್ಕೀಮ್ಯಾಟಿಕ್, ಎಂದರೆ ಪ್ರತಿಯೊಂದು ಬಿಡಿಭಾಗವೂ ಯಾವುದಕ್ಕೆ ಹೇಗೆ ಜೋಡಿಸಿದೆಯೆಂದು ತೋರಿಸುವ ನಕ್ಷೆ, ಅಚ್ಚಾಗಿತ್ತು. ರಾಡ್ ಹೋಲ್ಟ್ ವಿನ್ಯಾಸಗೊಳಿಸಿದ ಅದರ ಸ್ವಿಚಿಂಗ್ ಪವರ್ ಸಪ್ಲೈ ಬೋರ್ಡಿನಲ್ಲಿ ಶಾರ್ಟ್, ಎಂದರೆ ವಿದ್ಯುತ್ತು ಕೆಲಸ ಮಾಡದೆ ನೇರ ಮರಳಿಹೋಗುವ ಅಡ್ಡದಾರಿ, ಇದ್ದರೆ ತಾನೇ ನಿಂತು, ಮತ್ತೆ ಯತ್ನಿಸಿ, ಮತ್ತೆ ನಿಲ್ಲುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದು ಕೇಳಿದವನು ಕಾರ್ಡುಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ, ಯಾವುದನ್ನು ತೆಗೆದಾಗ ಸದ್ದು ನಿಂತಿತೋ ಅದರಲ್ಲೇ ದೋಷ. ಯಂತ್ರವನ್ನು ಕೊಂಡವನೇ ಅದನ್ನು ಅರಿಯುವ ಹಕ್ಕುದಾರನೂ ಆಗಿದ್ದ ಆ ಕಾಲಾವಧಿ ಬಹಳ ಚಿಕ್ಕದು, ಅದನ್ನು ಇಲ್ಲಿ ಗೌರವದಿಂದಲೇ ನೆನೆಯಬೇಕು.

1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯೂ ಇದೇ ಮುಕ್ತತೆಯನ್ನು ಮುಂದುವರಿಸಿ, ತನ್ನ ತಾಂತ್ರಿಕ ಕೈಪಿಡಿಯಲ್ಲಿ ನಕ್ಷೆಗಳನ್ನಷ್ಟೇ ಅಲ್ಲದೆ ಬಯೋಸ್ ಎಂಬ ಮೂಲ ಪ್ರೋಗ್ರಾಮಿನ ಪೂರ್ಣ ಪಾಠವನ್ನೂ ಕೊಟ್ಟಿತು. ಅದರ ಪಕ್ಕದ ದೊಡ್ಡ ಕೆಂಪು ಸ್ವಿಚ್ಚು ತಂತಿಯನ್ನೇ ಕಡಿಯುವ ಹಳೆಯ ಬಗೆಯದಾಗಿದ್ದರೂ, ಪವರ್ ಸಪ್ಲೈ ತನ್ನ ವೋಲ್ಟೇಜುಗಳು ಸ್ಥಿರವಾದ ಮೇಲೆ ‘ಪವರ್ ಗುಡ್’ ಎಂಬ ಸಂಕೇತ ಕಳುಹಿಸುವ ತನಕ ಪ್ರೊಸೆಸರನ್ನು ರೀಸೆಟ್‌ನಲ್ಲಿ ತಡೆಹಿಡಿಯುವ ಏರ್ಪಾಟು ಅದರಲ್ಲಿತ್ತು. ಮುಂದೆ ಬಂದ ಎಲ್ಲ ಜಟಿಲತೆಯ ಬೀಜ ಇದೇ. ಪ್ರೊಸೆಸರು ಎದ್ದ ನಂತರ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು ತಪ್ಪು ಕಂಡರೆ ಬೀಪ್ ಸದ್ದಿನಲ್ಲಿ ಹೇಳುತ್ತಿತ್ತು. ಆದರೆ ಚಾಲೂ ಆಗದ ಬೋರ್ಡಿನ ಮುಂದೆ ಈ ಸ್ವಪರೀಕ್ಷೆ ನಿರುಪಯುಕ್ತ, ಏಕೆಂದರೆ ಪರೀಕ್ಷೆ ನಡೆಸಬೇಕಾದ ಪ್ರೊಸೆಸರಿಗೇ ಅಲ್ಲಿ ಜೀವವಿಲ್ಲ. ಐಬಿಎಂ ಪಿಸಿಯ ವಿಷಯದಲ್ಲಿ ಅಂಥ ಮೌನಕ್ಕೆ ಹೆಸರಾದ ಕಾರಣವೆಂದರೆ 12 ವೋಲ್ಟ್ ಲೈನಿನಲ್ಲಿದ್ದ, ವಿದ್ಯುದಾವೇಶವನ್ನು ಗಳಿಗೆಮಟ್ಟಿಗೆ ಹಿಡಿದಿಟ್ಟು ವೋಲ್ಟೇಜಿನ ಏರಿಳಿತ ತಗ್ಗಿಸುವ ಟ್ಯಾಂಟಲಮ್ ಕೆಪಾಸಿಟರು ಒಳಗೇ ಶಾರ್ಟ್ ಆಗಿ ಸಪ್ಲೈಯನ್ನು ಏಳಗೊಡದಿರುವುದು. ಅದನ್ನು ಕಂಡುಹಿಡಿಯಲು ಯಂತ್ರವನ್ನು ಚಾಲೂ ಮಾಡಬೇಕಾದ ಅಗತ್ಯವೇ ಇರಲಿಲ್ಲ; ಆರಿದ ಬೋರ್ಡಿನಲ್ಲಿ ಆ ಲೈನಿಗೂ ವಿದ್ಯುತ್ತು ಮರಳುವ ಹಾದಿಯಾದ ಗ್ರೌಂಡಿಗೂ ನಡುವೆ ಮಲ್ಟಿಮೀಟರ್ ಹಿಡಿದು ರೋಧವನ್ನು ಅಳೆದರೆ ಸಾಕಾಗಿತ್ತು.

1984ರ ಮ್ಯಾಕಿಂಟಾಷ್ ಈ ಪರಂಪರೆಯಿಂದ ಬೇರೆಯಾದ ದಾರಿ ಹಿಡಿಯಿತು. ಕವಚದ ಸ್ಕ್ರೂಗಳು ಆಗ ಮನೆಗಳಲ್ಲಿ ಇಲ್ಲದ ಟಾರ್ಕ್ಸ್ ಬಗೆಯವು, ಅವುಗಳಲ್ಲಿ ಎರಡು ಹಿಡಿಕೆಯ ಆಳದಲ್ಲಿ ಅಡಗಿದ್ದವು. ಒಳಗೆ ಲಾಜಿಕ್ ಬೋರ್ಡೂ, ವಿದ್ಯುತ್ ಸರಬರಾಜನ್ನೂ ಪರದೆಯ ಕೊಳವೆಯನ್ನೂ ನೋಡಿಕೊಳ್ಳುವ ಅನಲಾಗ್ ಬೋರ್ಡೂ ಬೇರೆ ಬೇರೆಯಾಗಿದ್ದವು. ಯಂತ್ರ ಸತ್ತಂತೆ ಕಂಡಾಗ ತಪ್ಪಿತಸ್ಥ ಬಹುತೇಕ ಅನಲಾಗ್ ಬೋರ್ಡೇ ಆಗಿರುತ್ತಿತ್ತು, ಅದರಲ್ಲೂ ಬಿಸಿ ಹತ್ತಿ ಆರಿ ಬಿರುಕುಬಿಟ್ಟ ಬೆಸುಗೆಯೇ ಕಾರಣವಾಗಿರುತ್ತಿತ್ತು. ಕಂಪನಿಯ ಅಧಿಕೃತ ಸೇವೆಯ ಪದ್ಧತಿ ಲಕ್ಷಣ ನೋಡಿ ಇಡೀ ಬೋರ್ಡನ್ನು ಬದಲಿಸುವುದಾಗಿತ್ತು. ಲ್ಯಾರಿ ಪೈನಾ ಎಂಬ ಲೇಖಕರು 1990ರಲ್ಲಿ ಪ್ರಕಟಿಸಿದ ಮ್ಯಾಕಿಂಟಾಷ್ ದುರಸ್ತಿಯ ಪುಸ್ತಕ, ಅದೇ ಬೋರ್ಡಿನಲ್ಲಿ ಯಾವ ಲಕ್ಷಣಕ್ಕೆ ಯಾವ ಬೆಸುಗೆ, ಯಾವ ಬಿಡಿಭಾಗ ಕಾರಣವೆಂದು ತೋರಿಸಿ, ಅಲ್ಪ ವೆಚ್ಚದ ಬಿಡಿಭಾಗದಿಂದ ಅದನ್ನು ಉಳಿಸುವ ದಾರಿಯನ್ನು ಸಾಮಾನ್ಯ ಓದುಗನ ಕೈಗಿಟ್ಟಿತು. ನಕ್ಷೆ ಸಿಗದ ಜಾಗದಲ್ಲಿ ಅನುಭವವನ್ನೇ ನಕ್ಷೆಯಾಗಿ ಬರೆದಿಡುವ ಈ ಕೆಲಸ ಕಸುಬಿನ ಇತಿಹಾಸದಲ್ಲಿ ಸಣ್ಣದಲ್ಲ.

ಮ್ಯಾಕಿಂಟಾಷ್ ಸಾಲಿನಲ್ಲಿ ಗುಂಡಿಯ ಸ್ವಭಾವ ನಿಜವಾಗಿ ಬದಲಾದದ್ದು 1987ರ ಮ್ಯಾಕಿಂಟಾಷ್ 2 ಯಂತ್ರದಲ್ಲಿ. ಅದನ್ನು ಕೀಬೋರ್ಡಿನ ತ್ರಿಕೋನ ಗುರುತಿನ ಕೀಲಿಯಿಂದಲೇ ಚಾಲೂ ಮಾಡಬಹುದಾಗಿತ್ತು, ತಂತ್ರಾಂಶದ ಆಜ್ಞೆಯಿಂದ ತಾನೇ ಆರಿಹೋಗುವಂತೆಯೂ ಮಾಡಬಹುದಾಗಿತ್ತು. ಈ ಅನುಕೂಲವನ್ನು ಸಾಫ್ಟ್ ಪವರ್ ಎನ್ನುತ್ತಾರೆ. ಆರಿದ ಯಂತ್ರಕ್ಕೆ ಕೀಲಿ ಒತ್ತಿದ್ದು ತಿಳಿಯಬೇಕಾದರೆ ಅದರಲ್ಲಿ ಎಲ್ಲೋ ಒಂದಿಷ್ಟು ವಿದ್ಯುತ್ತು ಉಳಿದಿರಲೇಬೇಕು, ಅದನ್ನು ಒದಗಿಸುತ್ತಿದ್ದುದು ಬೋರ್ಡಿಗೆ ಬೆಸೆದಿದ್ದ ಎರಡು ಪುಟ್ಟ ಲಿಥಿಯಂ ಬ್ಯಾಟರಿಗಳು. ಕೀಲಿ ಒತ್ತಿದೊಡನೆ ಬ್ಯಾಟರಿಯ ವಿದ್ಯುತ್ತು ಪವರ್ ಸಪ್ಲೈಗೆ ಹೋಗುವ ಒಂದು ನಿಯಂತ್ರಣ ತಂತಿಯನ್ನು ಕ್ಷಣಕಾಲ ಎತ್ತಿಹಿಡಿಯುತ್ತಿತ್ತು, ಸಪ್ಲೈ ಎದ್ದ ಮೇಲೆ ಆ ತಂತಿಯನ್ನು ಎತ್ತಿಹಿಡಿಯುವ ಹೊಣೆ ಸಪ್ಲೈಯದೇ ಆಗುತ್ತಿತ್ತು. ಬ್ಯಾಟರಿಗಳ ಕಸುವು ಕೆಲವು ವರ್ಷಗಳಲ್ಲಿ ಮುಗಿದಾಗ, ಯಾವ ದೋಷವೂ ಇಲ್ಲದ ಸಪ್ಲೈ ಮತ್ತು ಯಾವ ದೋಷವೂ ಇಲ್ಲದ ಲಾಜಿಕ್ ಬೋರ್ಡು ಎದುರುಬದುರಾಗಿ ಸುಮ್ಮನೆ ಕೂತಿರುವ ವಿಚಿತ್ರ ಪರಿಸ್ಥಿತಿ ಉಂಟಾಯಿತು. ಗಡಿಯಾರಕ್ಕೆಂದು ಇದ್ದ ಬ್ಯಾಟರಿ ಮುಗಿದರೆ ತಾರೀಖು ತಪ್ಪುತ್ತದೆಯೆಂದು ಮಾತ್ರ ಬಲ್ಲ ಜನಕ್ಕೆ, ಅದರಿಂದ ಇಡೀ ಯಂತ್ರವೇ ಏಳದಿರಬಹುದೆಂಬುದು ಊಹೆಗೂ ಸಿಗುವಂಥದಾಗಿರಲಿಲ್ಲ. ಬಲ್ಲ ಮೆಕ್ಯಾನಿಕ್ಕು ಆ ನಿಯಂತ್ರಣ ತಂತಿಗೆ ಹೊರಗಿನ ಬ್ಯಾಟರಿಯೊಂದನ್ನು ಒಂದು ಗಳಿಗೆ ಮುಟ್ಟಿಸಿ ಫ್ಯಾನು ತಿರುಗಿದ್ದನ್ನು ಕೇಳಿದನೆಂದರೆ ಅವನ ಪರೀಕ್ಷೆ ಅಲ್ಲಿಗೆ ಮುಗಿಯುತ್ತಿತ್ತು. ಕೆಟ್ಟ ಭಾಗ ಯಾವುದೆಂಬ ಹಳೆಯ ಪ್ರಶ್ನೆಯ ಪಕ್ಕದಲ್ಲಿ, ಕ್ರಮದ ಯಾವ ಹಂತಕ್ಕೆ ಬಂದು ಯಂತ್ರ ನಿಂತಿದೆಯೆಂಬ ಹೊಸ ಪ್ರಶ್ನೆ ಇಲ್ಲಿಂದ ಸೇರಿಕೊಂಡಿತು.

ಇದರ ಹಿಂದೆಯೇ ಬಂದ ಮ್ಯಾಕಿಂಟಾಷ್ 2ಸಿಎಕ್ಸ್, 2ಸಿಐ ಮಾದರಿಗಳಲ್ಲಿ ಬ್ಯಾಟರಿಯ ಮೇಲಿನ ಅವಲಂಬನೆಯನ್ನು ತೆಗೆದು, ಪವರ್ ಸಪ್ಲೈಯೇ ಸದಾ ಹರಿಸುವ ಕಿರುಧಾರೆಯ 5 ವೋಲ್ಟಿನಿಂದ ಎಚ್ಚರದ ಮಂಡಲವನ್ನು ನಡೆಸಿದರು. ಆದರೆ ಅವುಗಳಿಗೆ ಬೇರೊಂದು ರೋಗ ಕಾದಿತ್ತು. 1980ರ ದಶಕದ ಕೊನೆಯಲ್ಲಿ ಬೋರ್ಡಿನ ಮೇಲ್ಮೈಗೇ ಬೆಸೆಯುವ ಸಣ್ಣ ಅಲ್ಯೂಮಿನಿಯಂ ಡಬ್ಬಿಯ ಕೆಪಾಸಿಟರುಗಳು ಬಳಕೆಗೆ ಬಂದವು. ಈ ಡಬ್ಬಿಗಳೊಳಗೆ ಎಲೆಕ್ಟ್ರೊಲೈಟ್ ಎಂಬ ದ್ರವವಿದ್ದು, ಬುಡದ ರಬ್ಬರಿನ ಮುಚ್ಚಳ ವಯಸ್ಸಾಗಿ ಸಡಿಲವಾದಂತೆ ಅದು ಕೆಳಗೆ ಜಿನುಗುತ್ತಿತ್ತು. ಜಿನುಗಿದ ದ್ರವ ವಿದ್ಯುತ್ ವಾಹಕ, ಜೊತೆಗೆ ತಾಮ್ರವನ್ನು ತಿನ್ನುವಂಥದು. ಅದು ಮೊದಲು ಸೋರುದಾರಿಗಳನ್ನು ಹಾಕಿ ಎಚ್ಚರದ ಮಂಡಲದ ಸೂಕ್ಷ್ಮ ವೋಲ್ಟೇಜುಗಳನ್ನು ಕೆಡಿಸುತ್ತಿತ್ತು, ಆಮೇಲೆ ಟ್ರ್ಯಾಕುಗಳನ್ನೂ ಬೋರ್ಡಿನ ಪದರಗಳನ್ನು ಜೋಡಿಸುವ ಕೂದಲೆಳೆಯ ತೂತುಗಳನ್ನೂ ಕಡಿಯುತ್ತಿತ್ತು. ಅಂಥ ಬೋರ್ಡನ್ನು ಹತ್ತಿರದಿಂದ ನೋಡಿದರೆ ಡಬ್ಬಿಯ ಕಾಲುಗಳ ಬೆಸುಗೆ ಹೊಳಪು ಕಳೆದುಕೊಂಡು ಬೂದಿಯಾಗಿರುತ್ತದೆ, ಸುತ್ತಲಿನ ಹಸಿರು ಲೇಪ ಕಪ್ಪಿಟ್ಟಿರುತ್ತದೆ, ಕಾಯಿದ ಬೆಸುಗೆ ಕಡ್ಡಿ ತಾಗಿದೊಡನೆ ಕೊಳೆತ ಮೀನಿನಂಥ ವಾಸನೆ ಏಳುತ್ತದೆ. ಇಂದು ಹಳೆಯ ಮ್ಯಾಕಿಂಟಾಷುಗಳನ್ನು ಉಳಿಸಿಕೊಳ್ಳುವವರು ಬೇರೆ ಪರೀಕ್ಷೆಗೆ ಕೈಹಾಕುವ ಮೊದಲು ಬೋರ್ಡನ್ನು ತೊಳೆದು ಕೆಪಾಸಿಟರುಗಳನ್ನೆಲ್ಲ ಬದಲಿಸುವುದು ಈ ಕಾರಣಕ್ಕೇ, ಏಕೆಂದರೆ ಕೊಳೆಯ ಮೇಲೆ ಮೀಟರು ತೋರಿಸುವ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಮ್ಯಾಕಿಂಟಾಷಿನಲ್ಲಿ ಕಂಡ ಸಾಫ್ಟ್ ಪವರ್ ಪದ್ಧತಿ ಇತರ ಪಿಸಿಗಳಿಗೂ ಹರಡಿದ್ದು 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನದಂಡದಿಂದ. ಅದರ ನೇರಳೆ ತಂತಿಯಲ್ಲಿ ಸದಾ 5 ವೋಲ್ಟ್ ಇರುತ್ತದೆ, ಬೋರ್ಡು ಹಸಿರು ತಂತಿಯನ್ನು ಗ್ರೌಂಡಿಗೆ ಎಳೆದಾಗ ಸಪ್ಲೈ ಏಳುತ್ತದೆ, ಎಲ್ಲ ವೋಲ್ಟೇಜುಗಳೂ ನೆಲೆಗೊಂಡ ಮೇಲೆ ಬೂದು ತಂತಿಯಲ್ಲಿ ಒಪ್ಪಿಗೆಯ ಸಂಕೇತ ಬರುತ್ತದೆ. ಬೋರ್ಡಿನಿಂದ ಕಳಚಿದ ಸಪ್ಲೈಯ ಹಸಿರು ತಂತಿಯನ್ನು ಕಪ್ಪು ತಂತಿಗೆ ಒಂದು ತುಂಡು ತಂತಿಯಿಂದ ಕೂಡಿಸಿ, ದೋಷ ಸಪ್ಲೈಯದೋ ಬೋರ್ಡಿನದೋ ಎಂದು ನೋಡುವ ಪರೀಕ್ಷೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಲೋಕದ ಉಳಿದೆಡೆಯ ಕಂಪ್ಯೂಟರ್ ಅಂಗಡಿಗಳಲ್ಲೂ ಒಂದೇ ರೀತಿ ನಡೆಯುವುದು ಈ ಮಾನದಂಡದ ಕೃಪೆ.

ಈ ಶತಮಾನದ ಮೊದಲ ವರ್ಷಗಳಲ್ಲಿ ಕೆಪಾಸಿಟರುಗಳ ಎರಡನೆಯ ಪಿಡುಗು ಬಂತು. ಈ ಸಲ ಸೋರಿಕೆಗಿಂತ ಒಳಗಿನ ರಸಾಯನವೇ ತಪ್ಪಾಗಿತ್ತು. ನೀರಿನ ಅಂಶ ಹೆಚ್ಚಿದ್ದ ಎಲೆಕ್ಟ್ರೊಲೈಟಿನಲ್ಲಿ ಲೋಹವನ್ನು ಕಾಯುವ ಸೇರಿಕೆಗಳು ಸರಿಯಾಗಿಲ್ಲದ್ದರಿಂದ ಅಲ್ಯೂಮಿನಿಯಂ ಜೊತೆ ನೀರು ವರ್ತಿಸಿ ಹೈಡ್ರೊಜನ್ ಅನಿಲ ಹುಟ್ಟುತ್ತಿತ್ತು, ಡಬ್ಬಿಯ ನೆತ್ತಿ ಉಬ್ಬಿ ಕೊನೆಗೆ ಒಡೆಯುತ್ತಿತ್ತು. ಅನೇಕ ತಯಾರಕರ ಬೋರ್ಡುಗಳೊಂದಿಗೆ ಆಪಲ್‌ನ ಐಮ್ಯಾಕ್ ಜಿ5 ಯಂತ್ರಗಳೂ ಇದಕ್ಕೆ ಬಲಿಯಾಗಿ, ಕೆಲವು ಮಾದರಿಗಳಿಗೆ ಕಂಪನಿ 2005ರಲ್ಲಿ ಉಚಿತ ದುರಸ್ತಿಯ ಅವಧಿಯನ್ನು ವಿಸ್ತರಿಸಿತು. ಅದೇ ಐಮ್ಯಾಕ್ ಜಿ5 ಬೋರ್ಡಿನ ಮೇಲೆ ಪರೀಕ್ಷೆಗೆಂದೇ ಸಾಲಾಗಿ ಕೂರಿಸಿದ ಪುಟ್ಟ ದೀಪಗಳಿದ್ದವು. ಮೊದಲನೆಯದು ಉರಿದರೆ ಕಿರುಧಾರೆಯ ವೋಲ್ಟೇಜು ಬೋರ್ಡಿಗೆ ತಲುಪಿದೆ, ಎರಡನೆಯದು ಉರಿದರೆ ಗುಂಡಿ ಒತ್ತಿದ ಮೇಲೆ ಸಪ್ಲೈ ಸರಿಯಾಗಿ ಎದ್ದಿದೆ, ಮೂರನೆಯದು ಉರಿದರೆ ವಿಡಿಯೊ ಭಾಗದೊಡನೆ ಮಾತುಕತೆ ಸಾಗಿದೆ ಎಂದರ್ಥ. ಹಿಂಬದಿ ತೆರೆದವನಿಗೆ ಯಂತ್ರ ಯಾವ ಮೆಟ್ಟಿಲಲ್ಲಿ ನಿಂತಿದೆಯೆಂದು ಬರಿಗಣ್ಣಿಗೇ ತೋರಿಸುವ ಈ ಏರ್ಪಾಟು, ವಿನ್ಯಾಸಕಾರರು ದುರಸ್ತಿ ಮಾಡುವವರ ಬಗ್ಗೆ ತೋರಿದ ಸೌಜನ್ಯವೆಂದೇ ಹೇಳಬೇಕು. ಮುಂದಿನ ಬೋರ್ಡುಗಳಲ್ಲಿ ಅಂಥದು ಕ್ರಮೇಣ ಇಲ್ಲವಾಯಿತು.

ಲ್ಯಾಪ್‌ಟಾಪುಗಳು ಈ ಮೆಟ್ಟಿಲುಗಳ ಸಂಖ್ಯೆಯನ್ನು ಬಹಳ ಹೆಚ್ಚಿಸಿದವು. ಇಂಟೆಲ್, ಮೈಕ್ರೊಸಾಫ್ಟ್ ಮತ್ತು ತೊಷಿಬಾ ಸೇರಿ 1996ರ ಡಿಸೆಂಬರಿನಲ್ಲಿ ಹೊರತಂದ ಎಸಿಪಿಐ ಮಾನದಂಡ ಯಂತ್ರದ ನಿದ್ರೆ-ಎಚ್ಚರಗಳಿಗೆ ಹೆಸರು ಕೊಟ್ಟಿತು. ವಿದ್ಯುತ್ತೇ ಇಲ್ಲದ ಸ್ಥಿತಿ ಜಿ3, ಆರಿಸಿದ ಸ್ಥಿತಿ ಎಸ್5, ಮೆಮೊರಿ ಮಾತ್ರ ಎಚ್ಚರವಿರುವ ನಿದ್ರೆ ಎಸ್3, ಪೂರ್ಣ ಎಚ್ಚರ ಎಸ್0. 2006ರಿಂದ ಇಂಟೆಲ್ ಪ್ರೊಸೆಸರಿಗೆ ಬದಲಾದ ಆಪಲ್ ಲ್ಯಾಪ್‌ಟಾಪುಗಳ ನಕ್ಷೆಯಲ್ಲಿ ಬಹುತೇಕ ವಿದ್ಯುತ್ ಲೈನುಗಳ ಹೆಸರಿಗೆ ಈ ಸ್ಥಿತಿಯ ಹೆಸರು ಬಾಲವಾಗಿ ಅಂಟಿಕೊಂಡಿರುವುದರಿಂದ, ಯಾವ ಲೈನು ಯಾವ ಹಂತದಲ್ಲಿ ಹುಟ್ಟಬೇಕೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಮಾತ್ರ ಕೆಳಗಿನ ಕೆರೆಗೆ ನೀರು ಇಳಿಯುವ ಬಯಲುಸೀಮೆಯ ಕೆರೆಸಾಲಿನಂತೆ, ಇಲ್ಲಿ ಒಂದು ಲೈನು ನೆಲೆಗೊಂಡು ‘ಸರಿಯಿದೆ’ ಎಂಬ ಸಂಕೇತ ಕೊಟ್ಟ ಮೇಲೆಯೇ ಮುಂದಿನದಕ್ಕೆ ಅಪ್ಪಣೆ. ಆದ್ದರಿಂದ ಒಣಗಿದ ಕೆರೆಯನ್ನು ಕಂಡವನು ಅದರ ಏರಿಯನ್ನು ಅಗೆಯುವ ಮೊದಲು ಮೇಲಿನ ಕೆರೆಯನ್ನು ನೋಡಿಬರಬೇಕು.

ಆಯಸ್ಕಾಂತದಿಂದ ಅಂಟಿಕೊಳ್ಳುವ ಹಳೆಯ ಮ್ಯಾಗ್‌ಸೇಫ್ ಚಾರ್ಜರಿನ ಕಾಲದ, ಎಂದರೆ 2015ರವರೆಗಿನ ಮ್ಯಾಕ್‌ಬುಕ್ ಪ್ರೊ ಬೋರ್ಡಿನ ಪರೀಕ್ಷೆಯನ್ನು ಈ ಕ್ರಮದ ಮಾದರಿಯಾಗಿ ನೋಡಬಹುದು. ಚಾರ್ಜರ್ ಚುಚ್ಚಿದಾಗ ಮೊದಲು ಹುಟ್ಟಬೇಕಾದದ್ದು 3.42 ವೋಲ್ಟಿನ ಲೈನು. ಎಸ್ಎಂಸಿ ಎಂಬ ಸದಾ ಎಚ್ಚರದ ನಿಯಂತ್ರಕ ಚಿಪ್ಪಿಗೆ ಅನ್ನ ಇದರಿಂದ. ಎಸ್ಎಂಸಿ ಒಂದೇ ತಂತಿಯ ಮೂಲಕ ಚಾರ್ಜರನ್ನು ಗುರುತಿಸಿದ ಮೇಲೆ ಅದರ ತುದಿಯ ದೀಪ ಹೊತ್ತಿಕೊಳ್ಳುತ್ತದೆ. ಇದರ ಜೊತೆಗೇ ಇಡೀ ಬೋರ್ಡಿನ ಹೆದ್ದಾರಿಯಾದ ಪಿಪಿಬಸ್ ಲೈನಿನಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಅಲ್ಲಿ ಮೀಟರು ಸೊನ್ನೆ ತೋರಿಸಿ, ಬ್ಯಾಟರಿ ಚಾರ್ಜರುಗಳನ್ನು ಕಳಚಿದ ಮೇಲೆ ಗ್ರೌಂಡಿಗೆ ರೋಧವೂ ಸೊನ್ನೆಗೆ ಹತ್ತಿರ ಬಂದರೆ ಶಾರ್ಟ್ ಇದೆಯೆಂದಾಯಿತು, ಆದರೆ ಆ ಲೈನಿಗೂ ಗ್ರೌಂಡಿಗೂ ನಡುವೆ ಎಳ್ಳುಕಾಳಿನ ಗಾತ್ರದ ಹತ್ತಾರು ಸೆರಾಮಿಕ್ ಕೆಪಾಸಿಟರುಗಳು ಇರುವುದರಿಂದ ಅವುಗಳಲ್ಲಿ ತಪ್ಪಿತಸ್ಥ ಯಾವುದೆಂದು ಮೀಟರು ಹೇಳಲಾರದು. ಆಗ ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೆಳ್ಳಗೆ ಹರಡಿ, ಹೊರಗಿನ ಸಪ್ಲೈಯಿಂದ ಒಂದು ವೋಲ್ಟಿನಷ್ಟು ಮಾತ್ರ ಆ ಲೈನಿಗೆ ಊಡಿಸುತ್ತಾರೆ. ವಿದ್ಯುತ್ತೆಲ್ಲ ಶಾರ್ಟ್ ಆದ ಭಾಗದ ಮೂಲಕವೇ ನುಗ್ಗುವುದರಿಂದ ಅದೊಂದು ಬಿಸಿಯಾಗಿ, ಒದ್ದೆ ಹೊಳಪಿನ ನಡುವೆ ಅಲ್ಲಿ ಮಾತ್ರ ಒಣಗಿದ ಚುಕ್ಕೆ ಮೂಡುತ್ತದೆ. ಶಾಖ ಕಾಣುವ ಥರ್ಮಲ್ ಕ್ಯಾಮೆರಾ ಇದ್ದರೆ ಆಲ್ಕೊಹಾಲೂ ಬೇಡ. ವೋಲ್ಟೇಜು ತಗ್ಗಿಸಿ ಊಡಿಸುವ ಎಚ್ಚರಿಕೆಯೇ ಇಲ್ಲಿ ಮುಖ್ಯ; 12 ವೋಲ್ಟನ್ನೇ ಕೊಟ್ಟಾಗ, ಶಾರ್ಟ್ ಆದ ಭಾಗದ ಮೂಲಕ ಅದು ಪ್ರೊಸೆಸರಿನ ಕಡೆಗೆ ದಾರಿ ಮಾಡಿಕೊಂಡರೆ ಉಳಿಸಬಹುದಾಗಿದ್ದ ಬೋರ್ಡು ಅಲ್ಲಿಗೆ ಮುಗಿಯಿತು.

ಜೀವವೇ ಬಾರದ ಬೋರ್ಡು ಬೇರೆ, ಜೀವ ಬಂದು ಪರದೆ ಮಾತ್ರ ಕಪ್ಪಗಿರುವ ಬೋರ್ಡು ಬೇರೆ; ಎರಡನೆಯದರ ದೋಷವನ್ನು ತಪ್ಪಾಗಿ ಗುರುತಿಸಿದ್ದರಿಂದ ಈ ಕಸುಬಿಗೆ ಕೆಟ್ಟ ಹೆಸರೂ ಬಂತು. 2007 ಮತ್ತು 2008ರ ಮ್ಯಾಕ್‌ಬುಕ್ ಪ್ರೊಗಳಲ್ಲಿದ್ದ ಎನ್‌ವಿಡಿಯ ಗ್ರಾಫಿಕ್ಸ್ ಚಿಪ್ಪುಗಳ ಒಳಗಣ ಸೂಕ್ಷ್ಮ ಬೆಸುಗೆಗಳು ಬಿಡುತ್ತಿದ್ದಾಗ, ದೋಷ ಚಿಪ್ಪಿಗೂ ಬೋರ್ಡಿಗೂ ನಡುವಿನ ಬೆಸುಗೆಯಲ್ಲಿದೆಯೆಂದು ನಂಬಿ ಬಿಸಿಗಾಳಿ ಊದಿಕೊಟ್ಟವರು ಬಹಳ ಮಂದಿ. ಶಾಖದಿಂದ ಒಳಗಿನ ಬೆಸುಗೆ ತಾತ್ಕಾಲಿಕವಾಗಿ ಕೂಡಿ ಯಂತ್ರ ಕೆಲವು ವಾರ ನಡೆದು ಮತ್ತೆ ನಿಲ್ಲುತ್ತಿತ್ತು. ಯಂತ್ರ ಎದ್ದದ್ದೇ ಪರೀಕ್ಷೆ ಸರಿಯೆಂಬುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ಕಸುಬು ಗ್ರಾಹಕರ ಹಣದಿಂದ ಕಲಿತದ್ದು ವಿಷಾದದ ಸಂಗತಿ.

ಭಾರತದಲ್ಲಿ ಈ ಕಸುಬಿಗೆ ತನ್ನದೇ ಆದ ಹಿನ್ನೆಲೆಯಿದೆ. 1978ರಲ್ಲಿ ಐಬಿಎಂ ದೇಶ ಬಿಟ್ಟಾಗ ಅದರ ಯಂತ್ರಗಳ ನಿರ್ವಹಣೆ ಸರ್ಕಾರಿ ಒಡೆತನದ ಸಿಎಂಸಿ ಸಂಸ್ಥೆಯ ಪಾಲಿಗೆ ಬಂತು. ಆಮದು ಕಷ್ಟವಾಗಿದ್ದ ಆ ಕಾಲದಲ್ಲಿ ಬೋರ್ಡನ್ನು ಬಿಸಾಡಿ ಬೇರೆ ತರಿಸುವ ಮಾತು ಸುಲಭದ್ದಾಗಿರಲಿಲ್ಲ. ಬೋರ್ಡನ್ನೇ ಬದಲಿಸುವುದನ್ನು ‘ಕಾರ್ಡ್ ಲೆವೆಲ್’ ಎಂದೂ ಬೋರ್ಡಿನ ಮೇಲಿನ ಬಿಡಿಭಾಗವನ್ನು ಹುಡುಕಿ ಬದಲಿಸುವುದನ್ನು ‘ಚಿಪ್ ಲೆವೆಲ್’ ಎಂದೂ ಇಲ್ಲಿನ ಅಂಗಡಿಗಳ ಫಲಕಗಳಲ್ಲಿ ಬರೆಯುತ್ತಾರೆ, ಎರಡನೆಯದನ್ನು ಬಲ್ಲವರಿಗೆ ಹೆಚ್ಚು ಮರ್ಯಾದೆ. ಎಸ್.ಪಿ. ರಸ್ತೆಯಲ್ಲಿ ಬಿಡಿ ಚಿಪ್ಪು, ಕೆಪಾಸಿಟರುಗಳನ್ನು ಮಾರುವ ಅಂಗಡಿಗಳೂ ದುರಸ್ತಿಯ ಮೇಜುಗಳೂ ಒಂದೇ ಬೀದಿಯಲ್ಲಿ ಇರುವುದರಿಂದ, ದೋಷ ಕಂಡ ಮೇಲೆ ಭಾಗ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕೊರತೆಯಾಗಿದ್ದುದು ನಕ್ಷೆ. ಆಪಲ್ ತನ್ನ ಈಚಿನ ಬೋರ್ಡುಗಳ ನಕ್ಷೆಗಳನ್ನು ಸಾರ್ವಜನಿಕರಿಗೆ ಕೊಟ್ಟಿಲ್ಲ. ಸೋರಿ ಬಂದ ಕಡತಗಳೇ ಇಲ್ಲಿಯಂತೆ ಎಲ್ಲ ಕಡೆಯೂ ಈ ವಿದ್ಯೆಯ ಪಠ್ಯಪುಸ್ತಕಗಳಾಗಿವೆ. ನ್ಯೂಯಾರ್ಕಿನಲ್ಲಿ ದುರಸ್ತಿ ಅಂಗಡಿ ನಡೆಸಿದ ಲೂಯಿ ರಾಸ್‌ಮನ್ 2010ರ ದಶಕದಲ್ಲಿ ಇಂಥ ನಕ್ಷೆಗಳನ್ನು ಪಕ್ಕದಲ್ಲಿಟ್ಟುಕೊಂಡು, ಸೂಕ್ಷ್ಮದರ್ಶಕದ ಕೆಳಗೆ ಬೋರ್ಡು ಪರೀಕ್ಷಿಸುವುದನ್ನು ಯೂಟ್ಯೂಬಿನಲ್ಲಿ ತೋರಿಸಿದ್ದರಿಂದ, ಕಾರ್ಯಾಗಾರದ ಗುಟ್ಟಾಗಿದ್ದ ಪರೀಕ್ಷಾಕ್ರಮ ಲೋಕದ ಪಾಠವಾಯಿತು. ಕೊಂಡ ವಸ್ತುವಿನ ನಕ್ಷೆಯನ್ನು ಕದ್ದು ಓದಬೇಕಾದ ಸ್ಥಿತಿ ಆಪಲ್ 2 ಯಂತ್ರದ ಕೈಪಿಡಿಯ ಪಕ್ಕದಲ್ಲಿಟ್ಟು ನೋಡಿದಾಗ ಹಿನ್ನಡೆಯೇ ಸರಿ.

ನ್ಯೂಯಾರ್ಕ್ ರಾಜ್ಯ 2022ರ ಡಿಸೆಂಬರಿನಲ್ಲಿ ಎಲೆಕ್ಟ್ರಾನಿಕ್ ಸಾಧನಗಳ ದುರಸ್ತಿ ಹಕ್ಕಿನ ಕಾನೂನು ಮಾಡಿತು, ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಅದೇ ವರ್ಷ ಇದಕ್ಕೊಂದು ಸಮಿತಿ ರಚಿಸಿತು. ಆಪಲ್ ಕೂಡ ಅದೇ ವರ್ಷ ಬಿಡಿಭಾಗಗಳನ್ನು ಗ್ರಾಹಕರಿಗೇ ಮಾರುವ ಯೋಜನೆ ಆರಂಭಿಸಿತು, ಆದರೆ ಅದರಲ್ಲಿ ದೊರೆಯುವುದು ಇಡೀ ಲಾಜಿಕ್ ಬೋರ್ಡೇ ಹೊರತು ಅದರ ಮೇಲಿನ ಒಂದು ಚಿಪ್ಪಲ್ಲ. ಇಷ್ಟರಲ್ಲಿ ಪರೀಕ್ಷೆಯ ವಿಧಾನವೂ ಉದ್ದೇಶವೂ ಬೇರೆಯಾಗಿವೆ. 2016ರ ಮ್ಯಾಕ್‌ಬುಕ್ ಪ್ರೊದಿಂದ ಚಾರ್ಜರೂ ಬೋರ್ಡೂ ಯುಎಸ್‌ಬಿ-ಸಿ ತಂತಿಯಲ್ಲಿ ಮೊದಲು 5 ವೋಲ್ಟಿನಲ್ಲಿ ಮಾತಾಡಿಕೊಂಡು ಒಪ್ಪಿದ ಮೇಲೆಯೇ 20 ವೋಲ್ಟಿಗೆ ಏರುತ್ತವೆ. ತಂತಿಯ ನಡುವೆ ಇಟ್ಟ ಪುಟ್ಟ ಮೀಟರು 5ರಲ್ಲೇ ನಿಂತರೆ ಆ ಸಂಧಾನ ನಡೆಸುವ ಚಿಪ್ಪಿನ ಸುತ್ತ ಹುಡುಕಾಟ ಶುರುವಾಗುತ್ತದೆ. ಅದೇ ವರ್ಷದ, ಕೀಬೋರ್ಡಿನ ಮೇಲಂಚಿನಲ್ಲಿ ಟಚ್ ಬಾರ್ ಎಂಬ ಸ್ಪರ್ಶಪಟ್ಟಿಯಿದ್ದ ಮಾದರಿಗಳಲ್ಲಿ ಕಡತಗಳನ್ನು ಹಿಡಿದಿಡುವ ಚಿಪ್ಪುಗಳನ್ನೂ ಬೋರ್ಡಿಗೇ ಬೆಸೆದರು. ಮೊದಲ ಎರಡು ವರ್ಷಗಳ ಬೋರ್ಡುಗಳಲ್ಲಿ ಸತ್ತ ಯಂತ್ರದಿಂದ ಕಡತ ಹೊರತೆಗೆಯಲೆಂದೇ ಒಂದು ಕನೆಕ್ಟರ್ ಇತ್ತು. 2018ರ ಮಾದರಿಗಳಲ್ಲಿ ಟಿ2 ಎಂಬ ಭದ್ರತಾ ಚಿಪ್ಪು ಬಂದು ಕಡತಗಳು ಆ ಚಿಪ್ಪಿನೊಳಗಿನ ಕೀಲಿಯಿಂದ ಗೂಢಲಿಪಿಗೊಂಡ ಮೇಲೆ ಆ ಕನೆಕ್ಟರನ್ನೂ ಕೈಬಿಡಲಾಯಿತು. ಪ್ರತಿ ಉಳಿಸಿಟ್ಟುಕೊಳ್ಳದ ಪ್ರಬಂಧ, ಲೆಕ್ಕಪತ್ರ, ಮಗುವಿನ ಫೋಟೊಗಳು ಈಗ ಆ ಬೋರ್ಡಿನ ಮೇಲಲ್ಲದೆ ಬೇರೆಲ್ಲೂ ಇಲ್ಲ, ಅದೇ ಟಿ2 ಮತ್ತು ಕಡತ ಹಿಡಿದಿಟ್ಟ ಅದೇ ಚಿಪ್ಪುಗಳೊಡನೆ ಅದೇ ಬೋರ್ಡು ಒಂದು ಸಲವಾದರೂ ಎದ್ದು ನಿಲ್ಲದೆ ಅವು ಕೈಗೆ ಬರುವುದಿಲ್ಲ. ಹೊಸ ಬೋರ್ಡು ಎಷ್ಟು ಅಗ್ಗವಾಗಿ ಸಿಕ್ಕರೂ ಆ ಕೆಲಸಕ್ಕೆ ಬಾರದು. ದುರಸ್ತಿಯ ಮೇಜಿಗೆ ಇಂದು ಬರುವ ಅನೇಕ ಬೋರ್ಡುಗಳನ್ನು ಹತ್ತು ನಿಮಿಷ ಚಾಲೂ ಆಗಿದ್ದರೆ ಸಾಕೆಂಬ ಬೇಡಿಕೆಯೊಂದಿಗೇ ತಂದಿರುತ್ತಾರೆ.